ಇಮ್ಯುನಾಲಜಿ ಪೋಸ್ಟ್‌ಡಾಕ್: ಬಾಸ್ಟನ್ನೋ, ಪುಣೆಯ ಆರ್‌ಎ ಹುದ್ದೆಯೋ? ಅನುಭವವಿದ್ದವರು ತಿಳಿಸಿ

ಧಾರವಾಡದವನು (ಪ್ರಶ್ನೆ)
ನನ್ನ ಪಿಎಚ್‌ಡಿ ಕೋಶ ಜೀವಶಾಸ್ತ್ರದಲ್ಲಿ, ಆಟೊಫೇಜಿಯ ಮೇಲೆ (ಕೋಶ ತನ್ನದೇ ಭಾಗಗಳನ್ನು ಜೀರ್ಣಿಸಿಕೊಳ್ಳುವ ಕ್ರಿಯೆ). ಬಾಸ್ಟನ್‌ನ ಇಮ್ಯುನಾಲಜಿ (ರೋಗನಿರೋಧಕ ಶಕ್ತಿಯ ಅಧ್ಯಯನ) ಲ್ಯಾಬೊಂದು ಪೋಸ್ಟ್‌ಡಾಕ್ ಆಗಿ, ಅಂದರೆ ಪಿಎಚ್‌ಡಿ ನಂತರದ ಸಂಶೋಧಕನಾಗಿ, ಮ್ಯಾಕ್ರೊಫೇಜ್‌ಗಳ (ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶಗಳು) ಕೆಲಸಕ್ಕೆ ಕರೆದಿದೆ. ಪುಣೆಯಲ್ಲಿ ಆರ್‌ಎ (ರಿಸರ್ಚ್ ಅಸೋಸಿಯೇಟ್) ಹುದ್ದೆಯೂ ಸಿಗುವಂತಿದೆ. ಪತ್ನಿಗೆ ಹುಬ್ಬಳ್ಳಿಯಲ್ಲಿ ಕಾಯಂ ನೌಕರಿಯಿದೆ. ಫ್ಲೋ ಸೈಟೊಮೆಟ್ರಿಯಲ್ಲಿ (ಬಣ್ಣ ಹಚ್ಚಿದ ಕೋಶಗಳನ್ನು ಲೇಸರ್‌ನಿಂದ ಒಂದೊಂದಾಗಿ ಅಳೆಯುವ ವಿಧಾನ) ನನ್ನ ಕೈ ಇನ್ನೂ ಪಳಗಿಲ್ಲ. ಯಾವುದನ್ನು ಒಪ್ಪಿಕೊಳ್ಳುವುದು ಲೇಸೆಂದು ದಯವಿಟ್ಟು ತಿಳಿಸಿ.

ಇಲಿ ಸಾಕಿದವಳು
2018ರಲ್ಲಿ ನಾನು ಅಮೆರಿಕಕ್ಕೆ ಹೋದಾಗ ಎನ್‌ಐಎಚ್ (ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ) ಗೊತ್ತುಪಡಿಸಿದ್ದ ಮೊದಲ ವರ್ಷದ ಸ್ಟೈಪೆಂಡ್ 48,432 ಡಾಲರ್. ನನ್ನ ಲ್ಯಾಬ್ ಅದರ ಮೇಲೆ ಒಂದು ಡಾಲರನ್ನೂ ಕೊಡಲಿಲ್ಲ. ತಿಂಗಳಿಗೆ 1,350 ಡಾಲರ್ ಬಾಡಿಗೆ ತೆತ್ತು, ಇನ್ನಿಬ್ಬರೊಡನೆ ಅಡುಗೆಮನೆ ಹಂಚಿಕೊಂಡಿದ್ದೆ. ದುಡ್ಡಿನ ಮಾತು ಹಾಗಿರಲಿ, ನನ್ನನ್ನು ಹಣ್ಣು ಮಾಡಿದ್ದು ಇಲಿಗಳು. ಬೇಕಿದ್ದದ್ದು ಡಬಲ್ ನಾಕ್‌ಔಟ್, ಅಂದರೆ ಎರಡು ಜೀನ್‌ಗಳನ್ನು ಕೆಡಿಸಿದ ಇಲಿ. ಹೆಟಿರೊಗಳನ್ನು (ಎರಡೂ ಜೀನ್‌ಗಳ ಒಂದೊಂದು ಪ್ರತಿ ಮಾತ್ರ ಕೆಟ್ಟಿರುವ ಇಲಿಗಳನ್ನು) ಕೂಡಿಸಿದರೆ ಹದಿನಾರು ಮರಿಗಳಲ್ಲಿ ಒಂದು. ಗರ್ಭಕ್ಕೆ ಇಪ್ಪತ್ತು ದಿನ, ಹಾಲು ಬಿಡಿಸಲು ಮೂರು ವಾರ, ನಡುವೆ ಬಾಲದ ತುದಿ ಕತ್ತರಿಸಿ ಪಿಸಿಆರ್ (ಡಿಎನ್‌ಎ ಪರೀಕ್ಷೆ). ಒಂದೇ ವಯಸ್ಸಿನ ಆರು ಹೆಣ್ಣಿಲಿಗಳು ಕೈಗೆ ಬರುವಷ್ಟರಲ್ಲಿ ಹದಿನಾಲ್ಕು ತಿಂಗಳು ಕಳೆದಿದ್ದವು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಲ್ಯಾಬ್ ಮುಚ್ಚುವಾಗ ಕಾಲೊನಿಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕೆಂದರು. ಉಳಿಸಬೇಕಾದ ಪಂಜರಗಳ ಪಟ್ಟಿಯಲ್ಲಿ ನನ್ನವು ಇರಲಿಲ್ಲ. ಅವನ್ನು ಕೊಲ್ಲುವ ಅನಿಲದ ಕವಾಟ ತಿರುಗಿಸಿದ್ದು ನನ್ನದೇ ಕೈ. ಹೋಗುವುದಾದರೆ ಹೋಗಿ, ಆದರೆ ನಿಮ್ಮ ಇಲಿಗಳು ಈಗಾಗಲೇ ಪಂಜರದಲ್ಲಿವೆಯೇ ಅಥವಾ ಇನ್ನೂ ಹುಟ್ಟಬೇಕಿದೆಯೇ ಎಂದು ಕೇಳದೆ ಟಿಕೆಟ್ ತೆಗೆಯಬೇಡಿ.

ಪುಣೆಯಲ್ಲೇ ಉಳಿದವನು
ನಾನು 2019ರಲ್ಲಿ ಸೇರಿದಾಗ ಮೊದಲ ಹಂತದ ಆರ್‌ಎಗೆ 47,000 ರೂಪಾಯಿ ಮತ್ತು ಎಚ್‌ಆರ್‌ಎ ಇತ್ತು. 2023ರಲ್ಲಿ ಅದು 58,000 ಆಯಿತು. ಇದೆಲ್ಲ ಆದೇಶದಲ್ಲಿರುವ ಲೆಕ್ಕ. ಪ್ರಾಜೆಕ್ಟಿನ ಎರಡನೇ ವರ್ಷದ ಹಣ ಬಿಡುಗಡೆಯಾಗದೆ ನಾನು ಏಳು ತಿಂಗಳು ಸಂಬಳವಿಲ್ಲದೆ ದುಡಿದು, ಮಾವನ ಮುಂದೆ ಕೈಯೊಡ್ಡಿದ್ದೇನೆ. ಹೊರದೇಶದಿಂದ ತರಿಸಿದ ಸೆಲ್‌ಲೈನ್ ಒಂಬತ್ತನೇ ವಾರ ಬಂದಾಗ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್‌ನ ಚೂರೂ ಇರಲಿಲ್ಲ. ಕೋಶಗಳು ಸತ್ತಿದ್ದವು, ಬಿಲ್ ಮಾತ್ರ ಜೀವಂತವಾಗಿತ್ತು. ಆದರೂ ಪ್ರೋಟೀನನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ನಾನೇ ತಯಾರಿಸಿ, ಅದು ಮ್ಯಾಕ್ರೊಫೇಜ್‌ಗಳಿಂದ ಟಿಎನ್‌ಎಫ್ (ಉರಿಯೂತ ಎಬ್ಬಿಸುವ ಪ್ರೋಟೀನ್) ಹೊರಡಿಸುತ್ತದೆಂದು ತೋರಿಸಿ, ಮೊದಲ ಲೇಖಕನಾಗಿ ಪೇಪರ್ ಬರೆದೆ. ಸತ್ತ ಇಲಿಗಳಿಗೆ ಇಂದಿಗೂ ತಿಥಿ ಮಾಡುತ್ತಿರುವವರ ಮಾತಿಗೆ ಹೆದರಬೇಡಿ.

ಇಲಿ ಸಾಕಿದವಳು
ಇ. ಕೋಲೈಯ ಪ್ರೋಟೀನ್ ಮ್ಯಾಕ್ರೊಫೇಜನ್ನು ಕೆರಳಿಸಿತೆಂದು ಎದೆ ತಟ್ಟಿಕೊಳ್ಳುವ ಮೊದಲು ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪದರದ ವಿಷ, ಅದೇ ಎಲ್‌ಪಿಎಸ್) ಅಳೆದಿದ್ದಿರಾ, ಸ್ವಾಮಿ? ಪ್ರೋಟೀನಿನ ಜೊತೆಗೆ ಬರುವ ಎಲ್‌ಪಿಎಸ್‌ನ ಒಂದು ಕುರುಹು ಸಾಕು, ಟಿಎನ್‌ಎಫ್ ಉಕ್ಕಲು.

ಪುಣೆಯಲ್ಲೇ ಉಳಿದವನು
ಪಾಠ ಬೇಡ, ಮೇಡಂ. ಪ್ರೋಟೀನನ್ನು ಕುದಿಸಿದಾಗ ಪರಿಣಾಮ ಹೋಯಿತು. ಎಲ್‌ಪಿಎಸ್ ಅಷ್ಟು ಕುದಿತಕ್ಕೆಲ್ಲ ಜಗ್ಗುವುದಿಲ್ಲವೆಂಬುದು ನಿಮಗೂ ಗೊತ್ತು. ಎಲ್‌ಪಿಎಸ್ ಅನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಹಾಕಿಯೂ ನೋಡಿದ್ದೇನೆ.

ಇಲಿ ಸಾಕಿದವಳು
ಟಿಎಲ್‌ಆರ್4 (ಎಲ್‌ಪಿಎಸ್ ಅನ್ನು ಗುರುತಿಸುವ ಗ್ರಾಹಕ) ಇಲ್ಲದ ಇಲಿಯ ಕೋಶಗಳಲ್ಲಿ?

ಪುಣೆಯಲ್ಲೇ ಉಳಿದವನು
ಸಂಬಳವೇ ಇಲ್ಲದವನು ಇಲಿಯನ್ನೆಲ್ಲಿಂದ ತರಿಸಲಿ? ಬಾಸ್ಟನ್ನಿನಲ್ಲಿ ಪಕ್ಕದ ಲ್ಯಾಬಿನ ಬಾಗಿಲು ತಟ್ಟಿದರೆ ಸಿಗುವುದು ಇಲ್ಲಿ ಅನುಮತಿ, ಆಮದು, ಕ್ವಾರಂಟೈನ್ ದಾಟಿ ಬರಬೇಕು.

ಜೆ-1ರಲ್ಲಿ ಬೆಂದವನು
ಇಲಿಯ ಜಗಳ ಸಾಕು. ಜೆ-1ರಲ್ಲಿ (ಅಮೆರಿಕದ ವಿನಿಮಯ ವೀಸಾ) ಸಂಶೋಧಕನಿಗೆ ಐದು ವರ್ಷವೇ ಗಡುವು. ಅದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬ ಷರತ್ತಿನಿಂದ ಬಿಡಿಸಿಕೊಳ್ಳಲು ನಾನು ಹನ್ನೊಂದು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದೆ. ಬೆಳಗಾವಿಯಲ್ಲಿದ್ದ ತಂದೆ ನನ್ನ ಪರವಾಗಿ ಸಾಲಿನಲ್ಲಿ ನಿಂತರು. ಅಷ್ಟರಲ್ಲಿ ಬಂದಿದ್ದ ಕೆಲಸ ಕೈತಪ್ಪಿತು.

ಇಲಿ ಸಾಕಿದವಳು
ಹಳೆಯ ಕಥೆ ಹೇಳಿ ಹೆದರಿಸಬೇಡಿ. 2024ರ ಡಿಸೆಂಬರ್‌ನಲ್ಲಿ ಆ ಷರತ್ತು ಯಾವ ದೇಶದವರಿಗೆ ಅನ್ವಯಿಸುತ್ತದೆಂದು ಹೇಳುವ ಕೌಶಲಪಟ್ಟಿಯಿಂದ ಭಾರತವನ್ನು ತೆಗೆದಿದ್ದಾರೆ.

ಜೆ-1ರಲ್ಲಿ ಬೆಂದವನು
ಪಟ್ಟಿಯಿಂದ ತೆಗೆದರೆ ಎಲ್ಲರಿಗೂ ಬಿಡುಗಡೆಯಾಗಲಿಲ್ಲ. ಸರ್ಕಾರದ ಹಣದಲ್ಲಿ ವಿನಿಮಯಕ್ಕೆ ಹೋದವರಿಗೆ ಷರತ್ತು ಹಾಗೆಯೇ ಇದೆ. ಅರ್ಧ ಓದಿ ಪೂರ್ತಿ ಹೇಳುವ ಚಟ ನಿಮಗೆ.

ಧಾರವಾಡದವನು
ಎಲ್ಲರಿಗೂ ಧನ್ಯವಾದ. ಪತ್ನಿಯ ನೌಕರಿಯ ವಿಚಾರವಾಗಿಯೂ, ಫ್ಲೋ ಕಲಿಕೆಯ ವಿಚಾರವಾಗಿಯೂ ಯಾರಾದರೂ ಹೇಳುವಿರಾ?

ಜೆ-1ರಲ್ಲಿ ಬೆಂದವನು
ಜೆ-2ರಲ್ಲಿ (ಜೆ-1ರವರ ಪತಿ-ಪತ್ನಿ, ಮಕ್ಕಳ ವೀಸಾ) ಬಂದವರು ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ನನ್ನ ಹೆಂಡತಿ ಹಾಕಿದ್ದಳು. ಅದು ಕೈಸೇರುವವರೆಗೆ ಐದು ತಿಂಗಳು ಕಿಟಕಿಯಾಚೆಯ ಹಿಮ ನೋಡುತ್ತ ಕೂತಿದ್ದಳು. ಆ ಚಳಿಗಾಲದ ಬಗ್ಗೆ ಅವಳು ಇಂದಿಗೂ ಮಾತನಾಡುವುದಿಲ್ಲ.

ಪುಣೆಯಲ್ಲೇ ಉಳಿದವನು
ಫ್ಲೋ ಎರಡು ವಾರದ ಕೆಲಸ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಂಟ್ರೋಲ್ ಇಟ್ಟು ಕಾಂಪೆನ್ಸೇಷನ್ (ಒಂದು ಬಣ್ಣ ಇನ್ನೊಂದರಲ್ಲಿ ಬೆರೆತದ್ದನ್ನು ಕಳೆಯುವುದು) ಮಾಡಿ. ಮ್ಯಾಕ್ರೊಫೇಜ್‌ಗಳಿಗೆ ಎಫ್‌ಸಿ ಬ್ಲಾಕ್ (ಆ್ಯಂಟಿಬಾಡಿ ಹಿಡಿಯುವ ಗ್ರಾಹಕಗಳನ್ನು ಮೊದಲೇ ಮುಚ್ಚುವುದು) ಮರೆಯಬೇಡಿ, ಇಲ್ಲವಾದರೆ ಅವು ಹಾಕಿದ ಆ್ಯಂಟಿಬಾಡಿಯನ್ನೆಲ್ಲ ಹಿಡಿದುಕೊಂಡು ಕೂರುತ್ತವೆ. ಅಂದ ಹಾಗೆ, ನನ್ನ ಆ ಏಳು ತಿಂಗಳ ಸಂಬಳ ಕೊನೆಗೆ ಬಂತು. ಎಚ್‌ಆರ್‌ಎ ಇನ್ನೂ ಬಂದಿಲ್ಲ.