ಸಕಲೇಶಪುರದ ಕಡೆ 6 ಗುಂಟೆ: ಕಂಟೇನರ್ ಇಡೋದಾ, 40 ಚದರದ ಮನೆ ಕಟ್ಟೋದಾ?

ಹೇಮಾವತಿ_ದಡ:
ಸಕಲೇಶಪುರ ತಾಲ್ಲೂಕಿನ ಹಳ್ಳಿಯಲ್ಲಿ ಭೂಪರಿವರ್ತನೆ ಆಗಿರುವ 6 ಗುಂಟೆ ಜಾಗ ಇದೆ. ಸುತ್ತ ಇರೋದೆಲ್ಲ ಆರೇಳು ಚದರದ ಹೆಂಚಿನ ಮನೆಗಳು. ಮುಂದೆ 12 ಅಡಿ ಪಂಚಾಯ್ತಿ ರಸ್ತೆ, ಹಿಂದಕ್ಕೆ ಇಳಿಜಾರು. ಕೆಳಗಿನ ಮನೆಯವರ ಕುಡಿಯೋ ನೀರಿನ ಬಾವಿ ನಮ್ಮ ಬೇಲಿಯಿಂದ 40 ಅಡಿ ದೂರದಲ್ಲಿದೆ. ವಾರಾಂತ್ಯಕ್ಕೆ ಮಾತ್ರ ಬಳಕೆ. ಅಣ್ಣನಿಗೆ ಐದು ಬೆಡ್‌ರೂಮು, ಈಜುಕೊಳ ಇರೋ ಎರಡು ಅಂತಸ್ತಿನ 40 ಚದರದ ಮನೆ ಬೇಕು. ನನಗೆ 40 ಅಡಿಯ ಎರಡು ಕಂಟೇನರ್ ಸಾಕು ಅನ್ಸುತ್ತೆ. ತಮಾಷೆ ಏನಂದ್ರೆ, ಊರವರು ಕಂಟೇನರ್ ಅಂದ ಕೂಡಲೇ "ಇದೇನು ಗೋಡೌನಾ?" ಅಂತಾರೆ, ದೊಡ್ಡ ಮನೆಗೆ ಯಾರದ್ದೂ ತಕರಾರಿಲ್ಲ. ಯಾವುದು ಸರಿ? ಮಳೆಗೆ ಕಂಟೇನರ್ ತಡೆಯುತ್ತಾ?

ಇಂಗುಗುಂಡಿ:
ಊರವರು ತಕರಾರು ತೆಗೀಬೇಕಾಗಿದ್ದು ದೊಡ್ಡ ಮನೆಗೆ. ಲೆಕ್ಕ ನೋಡಿ. ಐದು ಬೆಡ್‌ರೂಮಿಗೆ 12 ಜನ ಬಂದ್ರು ಅಂದ್ಕೊಳ್ಳಿ. ಪೇಟೆಯ ಅಳತೆಯಲ್ಲಿ ತಲೆಗೆ 135 ಲೀಟರ್ ಹಿಡಿದ್ರೆ ದಿನಕ್ಕೆ 1,620 ಲೀಟರ್. ಜಲ ಜೀವನ್ ಮಿಷನ್ ಹಳ್ಳಿಗೆ ಕೊಡ್ತೀವಿ ಅನ್ನೋದು ತಲೆಗೆ 55 ಲೀಟರ್. ಅಂದ್ರೆ ನಾಲ್ಕು ಜನರ ಏಳು ಮನೆಗಳ ಪಾಲು ನಿಮ್ಮೊಂದು ಮನೆಗೆ ಹೋಗುತ್ತೆ. ಈಜುಕೊಳ 8 ಮೀಟರ್ ಉದ್ದ, 4 ಅಗಲ, 1.2 ಆಳ ಅಂದ್ರೂ ಒಂದು ಸಲ ತುಂಬೋಕೆ 38,400 ಲೀಟರ್. ಏಪ್ರಿಲ್‌ನಲ್ಲಿ ಬೋರ್‌ವೆಲ್‌ನಿಂದ ಅಷ್ಟು ಎತ್ತಿದ್ರೆ ಕೆಳಗಿನ ಬಾವಿ ಗತಿ ಏನು?

ಅದಕ್ಕಿಂತ ದೊಡ್ಡ ತಲೆನೋವು ಕಕ್ಕಸು ಗುಂಡಿ. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470 ಪ್ರಕಾರ ಇಂಗುಗುಂಡಿ ಕುಡಿಯೋ ನೀರಿನ ಬಾವಿಯಿಂದ 18 ಮೀಟರ್, ವಾಸದ ಮನೆಯಿಂದ 6 ಮೀಟರ್ ದೂರ ಇರಬೇಕು. 18 ಮೀಟರ್ ಅಂದ್ರೆ ಹತ್ತಿರ ಹತ್ತಿರ 60 ಅಡಿ. ಬಾವಿ ಬೇಲಿಯಿಂದ 40 ಅಡಿ ಇದೆ ಅಂದ್ಮೇಲೆ ಆ ಬದಿಯಲ್ಲಿ ನಿಮ್ಮ ಜಾಗದ ಒಳಗೇ 20 ಅಡಿ ಬಿಡಬೇಕು, ಗುಂಡಿಯಿಂದ ಮನೆಗೆ ಮತ್ತೆ 20 ಅಡಿ. 6 ಗುಂಟೆಯಲ್ಲಿ ದೊಡ್ಡ ಮನೆ ಮತ್ತು ಕೊಳ ಇಟ್ಟರೆ ಅಷ್ಟು ಉಳಿಯಲ್ಲ. ಜುಲೈಯಲ್ಲಿ ಮಣ್ಣು ನೀರು ಕುಡಿದು ತುಂಬಿರುತ್ತೆ, ಗುಂಡಿ ಇಂಗೋದೇ ಇಲ್ಲ. ಮೇಲೆ ಉಕ್ಕಿ ಬಂದಿದ್ದು ಇಳಿಜಾರು ಹಿಡಿದು ನೇರ ಬಾವಿಗೆ ಹೋಗುತ್ತೆ. ಯಾವ ಮನೆಯಾದ್ರೂ ಸರಿ, ಸೆಪ್ಟಿಕ್ ಟ್ಯಾಂಕ್ ಆದ್ಮೇಲೆ ಜಲ್ಲಿ ತುಂಬಿದ ಫಿಲ್ಟರ್ ಕೋಣೆ, ಅದರಾಚೆ ಬಾಳೆ, ಕಾಬಾಳೆ ನೆಟ್ಟ ಪಾತಿ ಮಾಡಿ. ವಾರಾಂತ್ಯದ ಮನೆಗೆ ಟ್ಯಾಂಕನ್ನ ಸರಾಸರಿ ಬಳಕೆಗೆ ಕಟ್ಟಬೇಡಿ. ಐದು ದಿನ ಖಾಲಿ ಇದ್ದು ಎರಡು ದಿನಕ್ಕೆ ಒಮ್ಮೆಲೇ ನೀರು ನುಗ್ಗಿದ್ರೆ ತಳದ ಕೆಸರು ಎದ್ದು ಪಾತಿಗೆ ಹೋಗುತ್ತೆ. ಜನ ತುಂಬಿದ ದಿನದ ಲೆಕ್ಕ ಹಿಡಿಯಿರಿ.

ಇಳಿಜಾರಲ್ಲಿ 20 ಚದರದ ಸಮತಟ್ಟು ಬೇಕು ಅಂದ್ರೆ ಜೆಸಿಬಿ ಗುಡ್ಡ ಕಡಿಯಲೇಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಲ್ಲಿ ಗುಡ್ಡ ಕುಸಿದಿದ್ದು ಎಲ್ರಿಗೂ ಗೊತ್ತು. ಅಲ್ಲಿ ಮಳೆ ಒಂದೇ ಅಲ್ಲ, ಕಡಿದ ಇಳಿಜಾರುಗಳೂ ಕಾರಣ.

ವೆಲ್ಡಿಂಗ್_ರಾಡ್:
ಇಂಗುಗುಂಡಿಯವರ ಮಾತು ಒಪ್ತೀನಿ. ಆದ್ರೆ ಕಂಟೇನರ್ ಅಗ್ಗ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಡಬ್ಬ ಅಗ್ಗ, ಅದನ್ನ ಮನೆ ಮಾಡೋದು ಅಗ್ಗ ಅಲ್ಲ.

ಹೈ ಕ್ಯೂಬ್ (ಎತ್ತರ ಜಾಸ್ತಿ ಇರೋ ಕಂಟೇನರ್) ತಗೊಳ್ಳಿ. ಹೊರಗಿನ ಎತ್ತರ 2.9 ಮೀಟರ್, ಮಾಮೂಲಿದು 2.59. ಫೋಮು, ಬೋರ್ಡು ಹಾಕಿದ್ಮೇಲೆ ಆ ಒಂದಡಿಯ ಬೆಲೆ ಗೊತ್ತಾಗುತ್ತೆ. ಒಳಗಿನ ಅಗಲ 2.35 ಮೀಟರ್. ಎರಡೂ ಬದಿ ಮೂರು ಇಂಚು ಹೋದ್ರೆ ಉಳಿಯೋದು ಏಳಡಿ ಚಿಲ್ಲರೆ. ಐದಡಿ ಅಗಲದ ಮಂಚ ಹಾಕಿದ್ರೆ ಪಕ್ಕದಲ್ಲಿ ಓಡಾಡೋಕೆ ಎರಡಡಿ ಸಿಗುತ್ತೆ, ಅಷ್ಟೇ.

ನೆಲದ ಪ್ಲೈವುಡ್ 28 ಮಿಮೀ. ಹುಳ ಹಿಡೀದೇ ಇರ್ಲಿ ಅಂತ ಅದಕ್ಕೆ ಕೀಟನಾಶಕ ಹಾಕಿರ್ತಾರೆ. ಬಾಗಿಲ ಮೇಲಿನ ತಗಡಿನ ಪ್ಲೇಟಲ್ಲಿ ಮರಕ್ಕೆ ಏನು ಹಾಕಿದ್ದಾರೆ ಅಂತ ಬರೆದಿರುತ್ತೆ, ಖರೀದಿಗೆ ಮುಂಚೆ ಓದಿ. ಕಿತ್ತು ಹೊಸದು ಹಾಕಿ, ಆಗದಿದ್ರೆ ಎಪಾಕ್ಸಿ ಬಳಿದು ಮುಚ್ಚಿ.

ಭಾರ ಹೊರೋದು ನಾಲ್ಕು ಮೂಲೆ ಕಂಬಗಳು. ಸುಕ್ಕು ತಗಡಿನ ಪಕ್ಕದ ಗೋಡೆ ಇಡೀ ಡಬ್ಬ ಬಾಗದಂತೆ ಹಿಡಿಯುತ್ತೆ. ಉದ್ದದ ಬದಿಯಲ್ಲಿ ದೊಡ್ಡ ಗಾಜು ಬೇಕು ಅಂತ ಬರೀ ಕತ್ತರಿಸಿದ್ರೆ ಮೇಲಿನ ಪಟ್ಟಿ ಜೋಲುತ್ತೆ. ಮೊದಲು ತೆರೆಯೋ ಜಾಗದ ಸುತ್ತ ಬಾಕ್ಸ್ ಸೆಕ್ಷನ್ (ಚೌಕಾಕಾರದ ಕಬ್ಬಿಣದ ಪೈಪು) ಚೌಕಟ್ಟು ಬೆಸೆದು, ಆಮೇಲೆ ತಗಡು ಕತ್ತರಿಸಿ. ಕತ್ತರಿಸಿದ ಅಂಚಿಗೂ ಬೆಸುಗೆಗೂ ಅವತ್ತೇ ಜಿಂಕ್ ಪ್ರೈಮರ್ ಬೀಳಬೇಕು, ತುಕ್ಕು ಶುರುವಾಗೋದು ಅಲ್ಲಿಂದ.

ಮಲೆನಾಡಲ್ಲಿ ಒಳಗಿನ ಬೆವರು ಹೊರಗಿನ ಮಳೆಗಿಂತ ಕೆಟ್ಟದ್ದು. ತಣ್ಣನೆ ತಗಡಿಗೆ ಒಳಗಿನ ತೇವ ತಾಗಿ ಹನಿ ಇಳಿಯುತ್ತೆ, ಬೋರ್ಡಿನ ಹಿಂದೆ ಬೂಷ್ಟು. ಶಾಖ ತಡೆಯೋಕೆ ಅಂತ ರಾಕ್‌ವೂಲ್ (ಕಲ್ಲುನಾರಿನ ಹಾಸು) ತುರುಕಿದ್ರೆ ನೀರು ಕುಡಿದು ಕೂತ್ಕೊಳ್ಳುತ್ತೆ. 50 ಮಿಮೀ ಪಿಯು (ಪಾಲಿಯುರೆಥೇನ್) ಫೋಮ್ ನೇರ ತಗಡಿಗೇ ಸ್ಪ್ರೇ ಮಾಡಿಸಿ, ಎಲ್ಲೂ ಗಾಳಿ ಸಂದು ಬಿಡಬೇಡಿ.

ಮೇಲೆ ಪ್ರತ್ಯೇಕ ಮಾಡು ಬೇಕೇ ಬೇಕು. ಕಂಟೇನರ್ ನೆತ್ತಿ 2 ಮಿಮೀ ತಗಡು. ಯಾರಾದ್ರೂ ತುಳಿದು ತಗ್ಗಾದ ಕಡೆ ನೀರು ನಿಂತು ತೂತು ಬೀಳುತ್ತೆ. ಜಿಐ ಪೈಪಿನ ಕಂಬ ನೆಲದಿಂದಲೇ ಎಬ್ಬಿಸಿ, ಸುತ್ತ ಮೂರಡಿ ಸೂರು ಬಿಟ್ಟು ಮಂಗಳೂರು ಹೆಂಚು ಹಾಕಿ. ಹೆಂಚು ಚದರ ಮೀಟರಿಗೆ ಸುಮಾರು 40 ಕಿಲೋ ಬರುತ್ತೆ, ಆ ಭಾರ ತಗಡಿನ ಮೇಲೆ ಕೂರಬಾರದು. ಹೆಂಚು ಬಿದ್ದ ಮೇಲೆ "ಗೋಡೌನಾ" ಅನ್ನೋ ಮಾತೂ ನಿಲ್ಲುತ್ತೆ, ತಗಡಿನ ಮೇಲೆ ಮಳೆ ಬಡಿಯೋ ಸದ್ದೂ ನಿಲ್ಲುತ್ತೆ.

ಕರೆಂಟು: ಎರಡು ಅರ್ತ್ ಗುಂಡಿ, ಡಬ್ಬಕ್ಕೇ ಅರ್ತ್ ಜೋಡಣೆ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದ್ರೆ ತಾನೇ ಕಡಿಯೋ ಸ್ವಿಚ್ಚು). ಇದರಲ್ಲಿ ಉಳಿತಾಯ ಮಾಡೋಕೆ ಹೋಗಬೇಡಿ, ಇಡೀ ಮನೆ ಕಬ್ಬಿಣ.

ಶಿರಾಡಿ_ಲೋಡ್:
12 ಅಡಿ ರಸ್ತೆ ಅಂದ್ರಲ್ಲ, 40 ಅಡಿಯ ಆಸೆ ಬಿಡಿ. ಟ್ರೇಲರ್ ಹೆದ್ದಾರಿಯಲ್ಲಿ ಬರುತ್ತೆ, ಹಳ್ಳಿ ತಿರುವಲ್ಲಿ ತಿರುಗಲ್ಲ. ಹೈ ಕ್ಯೂಬ್ ಟ್ರೇಲರ್ ಮೇಲೆ ಕೂತ್ರೆ ನೆಲದಿಂದ 4.4 ಮೀಟರ್ ಹತ್ತಿರ ಆಗುತ್ತೆ, ರಸ್ತೆಗೆ ಅಡ್ಡ ಜೋತಿರೋ ಸರ್ವೀಸ್ ವೈರುಗಳನ್ನ ಮೊದಲೇ ಅಳೆದು ಲೈನ್‌ಮನ್‌ಗೆ ಹೇಳಿ. ಮಾಮೂಲಿ 20 ಅಡಿಯದ್ದು ಖಾಲಿ 2.2 ರಿಂದ 2.3 ಟನ್, 40 ಅಡಿ ಹೈ ಕ್ಯೂಬ್ ನಾಲ್ಕು ಟನ್ ಹತ್ತಿರ. ಕ್ರೇನಿನವರು "14 ಟನ್ ಹೈಡ್ರಾ ಇದೆ ಸರ್" ಅಂತಾರೆ, ಅದು ಮೂತಿ ಹತ್ತಿರ ಎತ್ತೋವಾಗಿನ ತಾಕತ್ತು. ಬೂಮ್ (ಕ್ರೇನಿನ ತೋಳು) ಚಾಚಿದಷ್ಟೂ ಕಮ್ಮಿ ಆಗುತ್ತೆ. ರಸ್ತೆಯಿಂದ ಕಂಟೇನರ್ ಕೂರೋ ತಳದ ಕಂಬದ ತನಕ ಎಷ್ಟು ಮೀಟರ್ ಅಂತ ಅಳೆದು, ಆ ದೂರಕ್ಕೆ ಎಷ್ಟು ಎತ್ತುತ್ತೆ ಅಂತ ಲೋಡ್ ಚಾರ್ಟ್ ನೋಡಿಯೇ ಮಾತಾಡಿ.

ಹೇಮಾವತಿ_ದಡ:
ಹಾಗಾದ್ರೆ 20 ಅಡಿಯ ಎರಡು ಹೈ ಕ್ಯೂಬ್, ನಡುವೆ ಹತ್ತಡಿ ಜಗಲಿ, ಎಲ್ಲಾ ಸೇರಿ ಒಂದೇ ಹೆಂಚಿನ ಮಾಡು. ಅಣ್ಣನನ್ನ ಒಪ್ಪಿಸ್ತೀನಿ. ಕಂಟೇನರಿಗೆ ಪಂಚಾಯ್ತಿ ಲೈಸೆನ್ಸ್ ಬೇಡ ಅಂತ ಡೀಲರ್ ಹೇಳ್ತಾರೆ, ನಿಜಾನಾ?

ಇಂಗುಗುಂಡಿ:
ಆ ಮಾತು ನಂಬಿ ತಳ ಹಾಕಬೇಡಿ. ತಳಪಾಯ, ಕಕ್ಕಸು, ಕರೆಂಟ್ ಮೀಟರು ಇದ್ಮೇಲೆ ಅದನ್ನ ಮನೆ ಅಂತಲೇ ನೋಡ್ತಾರೆ. ಪಂಚಾಯತ್ ರಾಜ್ ಕಾಯ್ದೆ 1993ರ ಸೆಕ್ಷನ್ 64ರ ಅನುಮತಿಗೆ ಅರ್ಜಿ ಹಾಕಿ. ಇ-ಸ್ವತ್ತಿನ (ಪಂಚಾಯ್ತಿ ಆಸ್ತಿ ದಾಖಲೆಯ) ನಮೂನೆ, ಪರಿವರ್ತನೆ ಆದೇಶ, ನಕ್ಷೆ ಜೊತೆಗಿರಲಿ. ನಕ್ಷೆಯಲ್ಲಿ ಬಾವಿಯನ್ನೂ ಗುಂಡಿಯನ್ನೂ ಅಳತೆ ಸಮೇತ ತೋರಿಸಿ. ಕೆಳಗಿನ ಮನೆಯವರಿಗೆ ಆ ನಕ್ಷೆಯ ಒಂದು ಪ್ರತಿ ಕೊಟ್ಟುಬಿಡಿ.

ವೆಲ್ಡಿಂಗ್_ರಾಡ್:
ತಳಕ್ಕೆ ಒಂದೊಂದು ಡಬ್ಬಕ್ಕೆ ನಾಲ್ಕು ಕಂಬ ಸಾಕು, ಇಳಿಜಾರಿನ ಮೇಲಿನ ಬದಿಯಲ್ಲೂ ನೆಲದಿಂದ ಒಂದೂವರೆ ಅಡಿ ಎತ್ತರ, ಮೇಲೆ 12 ಮಿಮೀ ಪ್ಲೇಟ್. ನಾಲ್ಕೂ ಒಂದೇ ಮಟ್ಟದಲ್ಲಿರಲಿ. ಒಂದು ಮೂಲೆ ಸ್ವಲ್ಪ ಇಳಿದ್ರೂ ಕಂಟೇನರ್ ಬಾಗಿಲು ಹಿಡ್ಕೊಳ್ಳುತ್ತೆ. ಡಬ್ಬದ ಅಡಿಗೆ ಬಿಟುಮೆನ್ ಬಳಿಯೋದು ಕ್ರೇನಿಗೆ ಮುಂಚೆಯೇ ಆಗಬೇಕು, ಆಮೇಲೆ ಕೈ ಹೋಗಲ್ಲ. ಮೇ ಮುಗಿಯೋದ್ರೊಳಗೆ ಮಾಡು ಆಗಲ್ಲ ಅನ್ಸಿದ್ರೆ ಕಿಟಕಿ ಕತ್ತರಿಸೋ ಕೆಲಸವನ್ನ ಅಕ್ಟೋಬರಿಗೆ ಬಿಡಿ.