ಸಹಾಯ ಬೇಕು: ಬೋವೀಯ 1973ರ ಲೈವ್, ಯಾವ ಆವೃತ್ತಿ ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. 1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ಇಂಗ್ಲಿಷ್ ರಾಕ್ ಗಾಯಕ ಡೇವಿಡ್ ಬೋವೀ ತಾನೇ ಸೃಷ್ಟಿಸಿಕೊಂಡ ಝಿಗ್ಗಿ ಸ್ಟಾರ್‌ಡಸ್ಟ್ ಎಂಬ ಪಾತ್ರವಾಗಿ ಕೊಟ್ಟ ಕೊನೆಯ ಶೋನ ರೆಕಾರ್ಡಿಂಗ್ ವಿನೈಲ್‌ನಲ್ಲಿ ಬೇಕಾಗಿದೆ. 1983ರ ಡಬಲ್ ಎಲ್‌ಪಿ (ಎರಡು ರೆಕಾರ್ಡ್‌ಗಳ ಸೆಟ್) ಹುಡುಕಲೋ, 50ನೇ ವರ್ಷಕ್ಕೆ 2023ರಲ್ಲಿ ಬಂದದ್ದನ್ನು ತಗೊಳ್ಳಲೋ?

ಹಳೆಯದರಲ್ಲಿ ಅತಿಥಿ ಗಿಟಾರ್ ವಾದಕ ಜೆಫ್ ಬೆಕ್ ವೇದಿಕೆಗೆ ಬಂದು ನುಡಿಸಿದ ಭಾಗವೇ ಇಲ್ಲ, 2023ರದ್ದರಲ್ಲಿದೆ. ಆದರೆ ನನಗೆ ಮುಖ್ಯ ಬೋವೀ ಬ್ಯಾಂಡಿನ ಮಿಕ್ ರಾನ್ಸನ್ ಗಿಟಾರ್. ಆ ರಾತ್ರಿ ಅವರು ನುಡಿಸಿದ್ದು ಗ್ಲಾಮ್ ರಾಕ್‌ನ (ಥಳುಕಿನ ವೇಷಭೂಷಣದ 70ರ ದಶಕದ ರಾಕ್ ಶೈಲಿ) ಅತ್ಯುತ್ತಮ ಲೈವ್ ಗಿಟಾರ್ ಅಂತಲೇ ನನ್ನ ನಂಬಿಕೆ. ಅದು ಯಾವುದರಲ್ಲಿ ಸ್ಪಷ್ಟವಾಗಿ, ಮುಂದೆ ಬಂದು ಕೇಳುತ್ತೆ? ಕೊನೇ ಹಾಡಿಗೆ ಮುಂಚೆ ಬೋವೀ ಇದೇ ನಮ್ಮ ಕಡೇ ಶೋ ಅಂತ ಘೋಷಿಸಿದಾಗ ಜನ ಚೀರೋದು ಕೇಳಿದ್ರೆ ಈಗಲೂ ಮೈ ಜುಮ್ಮೆನ್ನುತ್ತೆ. ಬೇಸ್ ನುಡಿಸುತ್ತಿದ್ದ ಟ್ರೆವರ್ ಬೋಲ್ಡರ್, ಡ್ರಮ್ಸ್‌ನ ವುಡಿ ವುಡ್‌ಮ್ಯಾನ್ಸಿಗೂ ಅದು ಮೊದಲೇ ಗೊತ್ತಿರಲಿಲ್ಲವಂತೆ!

ಬೋವೀಯ ನಿರ್ಮಾಪಕ ಟೋನಿ ವಿಸ್ಕಾಂಟಿ ಮಿಕ್ಸ್ ಮಾಡಿದ, ಇದೇ ಶೋನ 2003ರ ಆವೃತ್ತಿ ಕೇಳಿದವರೂ ದಯವಿಟ್ಟು ಹೇಳಿ. ಬೆಂಗಳೂರಲ್ಲಿ 1983ರ ಪ್ರತಿ ಇದ್ದವರು ಒಂದು ಸಲ ಕೇಳಿಸಿದರೆ ದೊಡ್ಡ ಉಪಕಾರ. ನಾನೇ ಬರ್ತೀನಿ.