ಕವಳೆ ಹಣ್ಣಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಬದುವಿನಲ್ಲೂ ಬೆಳೆಸಬೇಕು: ಅನುಭವ ಹಂಚಿಕೊಳ್ಳಿ

ಈ ಬೇಸಿಗೆ ರಜೆಗೆ ಮಕ್ಕಳೊಂದಿಗೆ ಹೊಳಲ್ಕೆರೆ ತಾಲ್ಲೂಕಿನ ನನ್ನ ತವರಿಗೆ ಬರುತ್ತಿದ್ದೇನೆ. ಮಗಳಿಗೆ ಏಳು ವರ್ಷ, ಮಗನಿಗೆ ಹತ್ತು. ನಾನು ಚಿಕ್ಕವಳಿದ್ದಾಗ ಊರ ಹಿಂದಿನ ಮಟ್ಟಿಯಲ್ಲಿ (ಕುರುಚಲು ಗುಡ್ಡದಲ್ಲಿ) ಕವಳೆ ಹಣ್ಣು ಕಿತ್ತು ತಿನ್ನುತ್ತಿದ್ದೆವು. ಈಗ ಯಾವ ದಿನಗಳಲ್ಲಿ ಹೋದರೆ ಸಿಗುತ್ತದೆ, ಮಕ್ಕಳೊಂದಿಗೆ ಏನು ಎಚ್ಚರ ಬೇಕು? ಅಪ್ಪನ ಹೊಲದ ಬದು ಖಾಲಿ ಇದೆ. ನೀರು ಕಡಿಮೆ. ಅಲ್ಲಿ ಇಂಥ ಹಣ್ಣಿನ ಗಿಡ ಹಾಕಬಹುದೇ?

ಹೊಸದುರ್ಗದಿಂದ:

ತಂಗಿ, ಏಪ್ರಿಲ್‌ನಲ್ಲಿ ಬಂದರೆ ಹಸಿರು ಕಾಯಿ ನೋಡಿಕೊಂಡು ಹೋಗಬೇಕಾದೀತು. ನಮ್ಮ ಕಡೆ ಭರಣಿ ಮಳೆ ಒಂದು ಹದ ಬಿದ್ದ ಮೇಲೆಯೇ ಕವಳೆ ಕಪ್ಪಾಗುವುದು. ಮೇ ಎರಡನೇ ವಾರದಿಂದ ರೋಹಿಣಿ ಮಳೆಯವರೆಗೆ ಹಣ್ಣಿರುತ್ತದೆ. ಶಾಲೆ ತೆರೆಯುವ ಮುಂಚಿನ ಎರಡು ವಾರ ಇಟ್ಟುಕೊಳ್ಳಿ.

ಹಣ್ಣನ್ನು ಎಳೆಯಬಾರದು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುವಬೇಕು. ಮಾಗಿದ್ದರೆ ತೊಟ್ಟು ತಾನಾಗಿ ಬಿಡುತ್ತದೆ. ಬಿಡದೆ ಹಟ ಮಾಡಿದರೆ ಅದು ಇನ್ನೂ ಕಾಯಿ. ಕಿತ್ತ ಜಾಗದಲ್ಲಿ ಬಿಳಿ ಹಾಲಿನ ಹನಿ ಉಕ್ಕಿ ನಿಲ್ಲುತ್ತದೆ. ತಿಂದರೆ ತುಟಿಯೆಲ್ಲ ಅಂಟು, ಗಂಟಲು ಕೆರೆತ. ಕೆಂಪು ತಿರುಗಿದ್ದನ್ನು ಕಂಡು ಮಕ್ಕಳು ಮೋಸ ಹೋಗುತ್ತಾರೆ. ಕಡುಗಪ್ಪಾಗಿ, ಒತ್ತಿದರೆ ಮೆತ್ತಗಿರಬೇಕು. ಪ್ಲಾಸ್ಟಿಕ್ ಚೀಲ ಬೇಡ, ಹಣ್ಣು ಒಡೆದು ರಸವಾಗುತ್ತದೆ. ನಾವು ಮುತ್ತುಗದ ಎಲೆಯ ದೊನ್ನೆ ಮಾಡಿಕೊಳ್ಳುತ್ತಿದ್ದೆವು. ಸಣ್ಣ ಸ್ಟೀಲ್ ಡಬ್ಬಿಯೂ ಆದೀತು. ಮುಳ್ಳು ಕವಲೊಡೆದಿರುತ್ತದೆ. ಒಳಗೆ ಕೈ ತೂರಿಸದೆ ಕೋಲಿನಿಂದ ಕೊಂಬೆ ಬಾಗಿಸಿಕೊಳ್ಳಿ. ಅದೇ ಕೋಲಿನಿಂದ ಪೊದೆಯ ಬುಡವನ್ನೂ ಮೊದಲು ತಟ್ಟಿ, ಹಾವಿದ್ದರೆ ಸರಿದು ಹೋಗುತ್ತದೆ.

ನಿಜವಾದ ಭಯ ಬೇರೆ ಗಿಡಗಳದ್ದು. ಹಾಲು ಬರುವ ಕಾಯಿ ಎಲ್ಲವೂ ಕವಳೆಯಲ್ಲ. ಗುಡಿಯ ಹತ್ತಿರ, ರಸ್ತೆ ಬದಿಯಲ್ಲಿ ಬೆಳೆಯುವ ಹಳದಿ ಕಣಗಿಲೆ ಕವಳೆಯದೇ ಕುಟುಂಬದ ಗಿಡ, ಆದರೆ ಅದರ ಕಾಯಿ ಹೃದಯಕ್ಕೇ ಪೆಟ್ಟು ಕೊಡುವ ವಿಷ. ಗುಲಗಂಜಿಯ ಬೀಜ, ಬೇಲಿಗೆ ಹಾಕುವ ಕಾಡುಹರಳಿನ ಬೀಜ, ಲಂಟಾನದ ಹಸಿರು ಕಾಯಿ ಇವನ್ನೂ ಮಕ್ಕಳಿಗೆ ಗಿಡದ ಮುಂದೆ ನಿಲ್ಲಿಸಿಯೇ ತೋರಿಸಿ. ಕೈಗೆ ಸಿಕ್ಕಿದ್ದನ್ನು ದೊಡ್ಡವರಿಗೆ ತೋರಿಸದೆ ಬಾಯಿಗಿಡಬಾರದು ಎಂಬುದು ನಮ್ಮ ಮನೆಯ ಕಟ್ಟಪ್ಪಣೆ. ಅಕಸ್ಮಾತ್ ತಿಂದಿದ್ದರೆ ಮನೆಮದ್ದು ಮಾಡುತ್ತ ಕೂರದೆ ಆ ಕಾಯಿಯನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಓಡಬೇಕು.

ಇನ್ನು ಕರಡಿ. ಅದಕ್ಕೂ ಇದೇ ಹಣ್ಣು ಬೇಕು. ನಸುಕಿನಲ್ಲಿ, ಸಂಜೆಗತ್ತಲಲ್ಲಿ ಹೋಗಲೇಬೇಡಿ. ಬಿಸಿಲು ಬಂದ ಮೇಲೆ ನಾಲ್ಕು ಜನ ಸೇರಿ ಮಾತಾಡುತ್ತ ಹೋಗಿ.

ಬದುವಿಗೆ ಕವಳೆಯೇ ಸರಿ. ನಾನು ಮಾಡಿದ ತಪ್ಪು ಹೇಳುತ್ತೇನೆ: ಬೀಜ ತೊಳೆದು ಕಾಗದದಲ್ಲಿ ಕಟ್ಟಿ ಮುಂದಿನ ಮುಂಗಾರಿಗೆಂದು ಎತ್ತಿಟ್ಟೆ. ಒಂದೂ ಹುಟ್ಟಲಿಲ್ಲ. ಈ ಬೀಜಕ್ಕೆ ಆಯುಸ್ಸು ಕಡಿಮೆ. ಹಣ್ಣು ತಿಂದ ವಾರದಲ್ಲೇ, ನೆರಳಲ್ಲಿ ಆರಿಸಿ, ಮಣ್ಣು ತುಂಬಿದ ಚೀಲಕ್ಕೆ ಹಾಕಬೇಕು. ಸಸಿ ಬಹಳ ನಿಧಾನ. ಒಂದು ವರ್ಷ ಚೀಲದಲ್ಲೇ ಬೆಳೆಸಿ ಮುಂದಿನ ಮಳೆಗಾಲಕ್ಕೆ ನಾಟಿ ಮಾಡಿ. ಬೇಲಿಯಾಗಬೇಕಾದರೆ ಮೂರು ನಾಲ್ಕು ಅಡಿಗೊಂದು. ಮೊದಲ ಎರಡು ಬೇಸಿಗೆ ವಾರಕ್ಕೊಂದು ಬಿಂದಿಗೆ ನೀರು ಹಾಕಿದೆವು. ಆಮೇಲೆ ಅದು ಕೇಳಲಿಲ್ಲ. ಮುಳ್ಳು ಬಲಿಯುವವರೆಗೆ ಎಳೆ ಚಿಗುರನ್ನು ಮೇಕೆಗಳಿಂದ ಕಾಯಬೇಕು, ಅದಕ್ಕೆ ಜಾಲಿ ಮುಳ್ಳು ಸುತ್ತಿಸಿ. ಮೂರನೇ ವರ್ಷ ಒಂದೊಂದು ಗಿಡದಲ್ಲಿ ಒಂದು ಮುಷ್ಟಿ ಹಣ್ಣಾಯಿತು, ಐದನೇ ವರ್ಷಕ್ಕೆ ಪುಟ್ಟಿ ತುಂಬಿತು. ನರ್ಸರಿಯ ದೊಡ್ಡ ಕಾಯಿಯ ತಳಿಯೂ ಹಾಕಿದ್ದೇನೆ. ಉಪ್ಪಿನಕಾಯಿಗೆ ಅದು ಒಳ್ಳೆಯದು, ಬಾಯಿ ರುಚಿಗೆ ಮಟ್ಟಿಯ ಸಣ್ಣ ಹಣ್ಣೇ ಮೇಲು. ಬೇಕರಿಯ ಕೇಕ್ ಮೇಲಿನ ಕೆಂಪು ‘ಚೆರ್ರಿ’ ಹೆಚ್ಚಾಗಿ ಈ ಕಾಯಿಯನ್ನೇ ಸಕ್ಕರೆ ಪಾಕದಲ್ಲಿ ಹಾಕಿ ಬಣ್ಣ ಕೊಟ್ಟದ್ದು. ಮಗನಿಗೆ ಹೇಳಿ, ಖುಷಿಪಡುತ್ತಾನೆ.

ಜಗಳೂರಿನಿಂದ:

ಅಕ್ಕ, ಒಂದು ಮಾತು ಸೇರಿಸುತ್ತೇನೆ. ಹೋಗುವ ಜಾಗ ಗೋಮಾಳವೋ ಕಾಡೋ ಮೊದಲು ತಿಳಿದುಕೊಳ್ಳಿ. ನಮ್ಮ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿ (ನಾಲ್ಕು ಕೊಂಬಿನ ಕಾಡುಪ್ರಾಣಿ) ವನ್ಯಜೀವಿ ಧಾಮವಾಯಿತು. ನಿಮ್ಮ ಜಿಲ್ಲೆಯ ಜೋಗಿಮಟ್ಟಿಯೂ ವನ್ಯಜೀವಿ ಧಾಮವೇ. ಧಾಮದೊಳಗೆ ಅನುಮತಿಯಿಲ್ಲದೆ ಹಣ್ಣು ಕೀಳುವಂತಿಲ್ಲ. ಹೊರಗಿನ ಗಿಡದಲ್ಲೂ ಪೂರ್ತಿ ಬರಿದು ಮಾಡಬೇಡಿ, ಪ್ರಾಣಿ ಪಕ್ಷಿಗಳಿಗೆ ಬೇರೆ ಅಂಗಡಿ ಇಲ್ಲ.

ಚನ್ನಗಿರಿಯಿಂದ:

ಮಕ್ಕಳಿಗೆ ಬೇಗ ಹಣ್ಣು ಕಾಣಬೇಕೆಂದರೆ ಹಿಪ್ಪುನೇರಳೆ ಹಾಕಿ. ನಮ್ಮದು ರೇಷ್ಮೆ ಮನೆ. ಬಚ್ಚಲ ನೀರು ಹರಿಯುವ ಕಡೆ ಎರಡು ಗಿಡವನ್ನು ಹಣ್ಣಿಗೆಂದೇ ಬಿಟ್ಟಿದ್ದೇವೆ. ಪೆನ್ಸಿಲ್ ದಪ್ಪದ, ಮೂರು ನಾಲ್ಕು ಕಣ್ಣಿರುವ ಕಡ್ಡಿ ನೆಟ್ಟರೆ ಸಾಕು. ಕೊಂಬೆ ಸವರಿದರೆ ಹೊಸ ಚಿಗುರಿನ ಜೊತೆಗೇ ಕಾಯಿ ಬರುತ್ತದೆ. ಆದರೆ ಯಾರದೋ ಸೊಪ್ಪಿನ ತೋಟಕ್ಕೆ ನುಗ್ಗಿ ಹಣ್ಣು ತಿನ್ನಬೇಡಿ. ಎಲೆ ಸುರುಳಿ ಹುಳುವಿಗೆ ಔಷಧಿ ಹೊಡೆದಿರುತ್ತಾರೆ, ಕೇಳಿಯೇ ಮುಟ್ಟಿ.

ಹಿರಿಯೂರಿನಿಂದ:

ಸ್ಟ್ರಾಬೆರಿಗೆ ಮನಸ್ಸು ಮಾಡಬೇಡಿ. ನಾನು ಇಪ್ಪತ್ತು ಸಸಿ ತಂದಿದ್ದೆ. ಚಳಿಗಾಲದಲ್ಲಿ ಹಣ್ಣು ಕೊಟ್ಟವು, ಮಾರ್ಚ್ ಬಿಸಿಲಿಗೆ ಒಂದೊಂದಾಗಿ ಹೋದವು. ಬಹಳ ನೊಂದುಕೊಂಡೆ. ಅದೇ ಜಾಗದಲ್ಲಿ ಈಗ ಫಾಲ್ಸಾ ಇದೆ, ಹುಳಿ-ಸಿಹಿಯ ಸಣ್ಣ ನೇರಳೆ ಬಣ್ಣದ ಹಣ್ಣಿನ ಪೊದೆ. ಡಿಸೆಂಬರ್ ಕೊನೆಗೆ ಸೊಂಟದೆತ್ತರಕ್ಕೆ ಸವರುತ್ತೇನೆ. ಹೊಸ ರೆಂಬೆಯಲ್ಲೇ ಹೂ ಬಿಟ್ಟು ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಎಲ್ಲವೂ ಒಟ್ಟಿಗೆ ಮಾಗುವುದಿಲ್ಲ, ದಿನಾ ಕೀಳಬೇಕು. ಕಿತ್ತದ್ದು ಮರುದಿನಕ್ಕೆ ಕೆಡುತ್ತದೆ, ಹಾಗಾಗಿ ಮಾರಾಟದ ಆಸೆ ಬೇಡ. ಉಪ್ಪು, ಬೆಲ್ಲ ಹಾಕಿ ಪಾನಕ ಮಾಡಿ ಕೊಡಿ.

ದಾವಣಗೆರೆಯಿಂದ:

ಕವಳೆ ಕಾಯಿಯ ವಿಷಯ ಯಾರೂ ವಿವರವಾಗಿ ಹೇಳಲಿಲ್ಲ. ಏಪ್ರಿಲ್‌ನಲ್ಲೇ ಬಂದರೂ ನಷ್ಟವಿಲ್ಲ, ಉಪ್ಪಿನಕಾಯಿಗೆ ಅದೇ ಹದ. ಚಾಕುವಿನಿಂದ ಹೆಚ್ಚಲು ಹೋಗಬೇಡಿ, ಹಾಲು ಮೆತ್ತಿಕೊಳ್ಳುತ್ತದೆ. ಕೈಗೆ ಎಣ್ಣೆ ಸವರಿಕೊಂಡು ಒರಳಲ್ಲಿ ಒಂದೇ ಏಟಿಗೆ ಬಿರಿಯುವಷ್ಟು ಜಜ್ಜಿ, ರಾತ್ರಿಯಿಡೀ ಉಪ್ಪು ನೀರಲ್ಲಿ ನೆನೆಸಿ. ಬೆಳಿಗ್ಗೆ ಹಾಲು, ಬೀಜ ಬಿಟ್ಟಿರುತ್ತವೆ. ಖಾರ, ಸಾಸಿವೆ ಪುಡಿ, ಇಂಗಿನ ಒಗ್ಗರಣೆ. ಮಟ್ಟಿಯ ಯಾವ ಮಗ್ಗುಲಿನ ಗಿಡದ ಹಣ್ಣು ಸಿಹಿ ಎಂಬುದನ್ನು ನಿಮ್ಮ ತಾಯಿಯವರನ್ನೇ ಕೇಳಿ. ನಮ್ಮಮ್ಮನಿಗೆ ಎಪ್ಪತ್ತಾದರೂ ಗಿಡಗಿಡದ ಲೆಕ್ಕ ನೆನಪಿದೆ.